ಒಳಲೆಯ ಮೇಲಿನ ಹೆಸರು

ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಯಂತ್ರ ಕಿರ್ರೆನ್ನುವಾಗ ಏಳುವ ಬಿಸಿ ಸ್ಟೀಲಿನ ವಾಸನೆ ಬಂದರೆ ಈಗಲೂ ನಾನು ಹೊರಗೆ ಬಂದುಬಿಡುತ್ತೇನೆ.

ಹೆಸರಿಡುವ ಮೊದಲೇ ತೀರಿಕೊಂಡ ನನ್ನ ತಮ್ಮನನ್ನು ಶಿರಸಿಯ ಅಂಚಿನ ಗುಡ್ಡದಲ್ಲಿ ಹೂತಿದ್ದರು. ಆ ಗುಡ್ಡವನ್ನು ಸೈಟು ಮಾಡಲು ಜೆಸಿಬಿ ಬಂದಿದೆಯೆಂದು ಗೊತ್ತಾದ ಮಧ್ಯಾಹ್ನ, ಅಮ್ಮ ಅವನಿಗೆ ಹಾಲು ಕುಡಿಸುತ್ತಿದ್ದ ಸ್ಟೀಲಿನ ಒಳಲೆ ಹಿಡಿದು, ನನ್ನನ್ನೂ ಎಳೆದುಕೊಂಡು ಪೇಟೆಗೆ ಓಡಿದಳು.

ಅವಳ ತವರು ಬಿಳಗಿ. ಅಲ್ಲಿ ಹಳೇ ಊರು ಅಗೆಯಲು ಬಂದವರು ಮಡಕೆಚೂರಿನ ಮಣ್ಣನ್ನು ಬ್ರಷ್ಷಿನಿಂದ ಒರೆಸುವುದನ್ನು ನಾವಿಬ್ಬರೂ ನೋಡಿದ್ದೆವು.

"ಈ ಶಿರಸೀನೂ ಒಂದಿನ ಹಾಳು ಬೀಳ್ತದೆ. ಆಗ ಅಗೆಯೋರು ಬರ್ತಾರೆ. ಸ್ಲ್ಯಾಬು, ಬಾತ್‌ರೂಮಿನ ಟೈಲ್ಸು, ಮಿಕ್ಸಿ ಜಾರು ಎಲ್ಲ ಸಿಗ್ತದೆ. ಇದನ್ನ ಅವನ ಪಕ್ಕ ಹುಗಿದಿಡ್ತೇನೆ, ಇದೂ ಸಿಗ್ಲಿ. ಇಲ್ಲೊಂದು ಕೂಸಿತ್ತು ಅಂತ ಅವ್ರಿಗಾದ್ರೂ ಗೊತ್ತಾಗ್ಲಿ." ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದಳು.

ಅಂಗಡಿಯವನು ಯಂತ್ರ ಎತ್ತಿಕೊಂಡ. "ಹೆಸರು ಎಂತ ಹಾಕೂದು ಅಕ್ಕಾ?"

ಅಮ್ಮ ಒಳಲೆಯನ್ನು ಸೆರಗಿನಿಂದ ಒರೆಸಿ ಅವನ ಮುಂದಿಟ್ಟಳು.

"ಕೊಡೋರ ಹೆಸರಾದ್ರೂ ಅಡ್ಡಿಲ್ಲ. ಎಲ್ಲರೂ ಹಾಗೇ ಹಾಕಿಸ್ತಾರೆ."

"ಅಮ್ಮ ಅಂತ ಹಾಕಿ."

ನಾವು ಹೋಗಿ ತಲುಪುವಷ್ಟರಲ್ಲಿ ಗುಡ್ಡ ಅಂಗಳದಂತೆ ಸಪಾಟಾಗಿತ್ತು. ಗುರುತಿಗೆ ಇಟ್ಟಿದ್ದ ಕಲ್ಲೂ ಇಲ್ಲ, ಪಕ್ಕದ ಮತ್ತಿ ಮರವೂ ಇಲ್ಲ. ಅಮ್ಮ ಒಳಲೆಯನ್ನು ನನ್ನ ಕೈಗೆ ಕೊಟ್ಟು, ಮಂಡಿಯೂರಿ ಮಣ್ಣು ಕೆರೆದಳು. ಅಲ್ಲಿಂದ ಎದ್ದು ಇನ್ನೊಂದು ಕಡೆ, ಮತ್ತೊಂದು ಕಡೆ. ಎಲ್ಲಿ ಕೂಸಿಗೆ ತಗುಲಿಬಿಡುತ್ತದೋ ಎಂಬ ಹೆದರಿಕೆಗೆ ಅವಳ ಬೆರಳು ಬಿಳಗಿಯ ಬ್ರಷ್ಷಿನಷ್ಟೇ ಮೆಲ್ಲಗೆ ಆಡುತ್ತಿತ್ತು.

ಸುತ್ತ ಎಲ್ಲಿ ನೋಡಿದರೂ ಒಂದೇ ಕೆಂಪು ಮಣ್ಣು.

"ಎಲ್ಲಿ ಮಗಾ?" ಎಂದಳು ತಲೆಯೆತ್ತದೆ. "ನಿಂಗಾದ್ರೂ ನೆನಪದ್ಯಾ?"