ಕ್ಯೋಟೋದಲ್ಲಿ ಬಿಡಾರ

“ಒಂದೇ ಊರು, ಒಂದೇ ರೂಮು, ಒಂದೇ ಮಂಚ. ಅದರಾಚೆ ನನ್ನನ್ನ ಏನೂ ಕೇಳಬೇಡಮ್ಮ,” ಎಂದು ಗಾರ್ಡ್ ಸಾಹೇಬರು ಟ್ರಾವೆಲ್ಸ್ ಆಫೀಸಿನ ಹುಡುಗಿಗೆ ಖಡಾಖಂಡಿತವಾಗಿ ಹೇಳಿ ಕುರ್ಚಿಗೆ ಒರಗಿದರು. ಗೂಡ್ಸ್ ರೈಲಿನ ಗಾರ್ಡಾಗಿದ್ದು ಮೊನ್ನೆ ಮೊನ್ನೆಯಷ್ಟೇ ನಿವೃತ್ತರಾದವರು. ಪಕ್ಕದಲ್ಲಿ ಕೂತಿದ್ದ ಹೆಂಡತಿ, ಬೀದಿಯವರ ಬಾಯಲ್ಲಿ ಟೈಲರಮ್ಮ, ಮೇಜಿನ ಮೇಲೆ ಹರಡಿದ್ದ ಜಪಾನಿನ ನಕ್ಷೆಯನ್ನೇ ನೋಡುತ್ತಿದ್ದಳು. ಅದರಲ್ಲಿ ರೈಲು ಹಳಿಗಳನ್ನು ಬಣ್ಣ ಬಣ್ಣದ ಗೆರೆಗಳಲ್ಲಿ ತೋರಿಸಿದ್ದರು.

“ಹಾಗಾದ್ರೆ ಕ್ಯೋಟೋದಲ್ಲೇ ಬಿಡಾರ ಮಾಡಿ ಸಾರ್. ಒಸಾಕಾದಲ್ಲಿ ಗಲಾಟೆ ಜಾಸ್ತಿ,” ಎಂದಳು ಹುಡುಗಿ. “ಕ್ಯೋಟೋದಿಂದ ನಾರಾ, ಹಿರೋಶಿಮಾ, ಕನಜಾವಾ ಎಲ್ಲಾ ಬೆಳಗ್ಗೆ ಹೋಗಿ ಕತ್ತಲಾಗೋ ಹೊತ್ತಿಗೆ ವಾಪಸ್ ಬರಬಹುದು. ರೈಲ್ ಪಾಸ್ ಒಂದಿದ್ರೆ ಆಯ್ತು, ಬೇಕಾದಲ್ಲಿ ಹತ್ತಿ ಬೇಕಾದಲ್ಲಿ ಇಳಿಯೋದು.”

“ಪಾಸು ಬೇಡವೇ ಬೇಡ. ರೈಲು ಅಂದ್ರೆ ನನಗೆ ಸೊಂಟ ಹಿಡ್ಕೊಳ್ಳುತ್ತೆ. ಕ್ಯೋಟೋದಲ್ಲಿ ರೂಮಿನ ಕಿಟಕಿ ತೆಗೆದು ಆರಾಮಾಗಿ ಬಿದ್ದುಕೊಳ್ತೀವಿ. ಅಲ್ವೇನೇ?”

ಸಾಹೇಬರದೂ ತಪ್ಪೆನ್ನುವಂತಿಲ್ಲ. ಆಯುಷ್ಯವೆಲ್ಲ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹಿಂದೆ ಹಿಂದೆ ಸರಿಯುವ ಹಳಿಗಳನ್ನು ನೋಡಿದವರು. ಊರೂರಿನ ರೈಲ್ವೆ ಕೊಠಡಿಗಳಲ್ಲಿ, ಇನ್ನೊಬ್ಬ ಆಗಷ್ಟೇ ಎದ್ದುಹೋದ ಹಾಸಿಗೆಯ ಬಿಸಿಯಲ್ಲೇ ಮಲಗಿದವರು. ತನ್ನದೇ ಎನ್ನುವ ಮಂಚದ ಆಸೆ ಅವರಿಗಿರದೆ ಇನ್ಯಾರಿಗಿರಬೇಕು? ಆದರೆ ಟೈಲರಮ್ಮನ ಪಾಡು ನೋಡಿ. ಮದುವೆಯಾದದ್ದು ರೈಲಿನವರನ್ನು, ತುಳಿದದ್ದು ಹೊಲಿಗೆ ಯಂತ್ರವನ್ನು. ಮನೆಮಂದಿಗೆಂದು ಇಲಾಖೆ ವರ್ಷ ವರ್ಷವೂ ಕೊಡುತ್ತಿದ್ದ ಪುಕ್ಕಟೆ ಪಾಸು ಒಂದು ಸಲವೂ ಬಳಕೆಯಾಗಲಿಲ್ಲ. ಮನೆಗೆ ಬಂದ ಗಂಡ ಮತ್ತೆ ರೈಲು ಹತ್ತಲು ಒಲ್ಲೆ ಎನ್ನುತ್ತಿದ್ದರು; ಗಂಡ ಬರದೆ ಅವಳು ಬಾಗಿಲು ಹಾಕಿಕೊಂಡು ಹೋಗುವಂತಿರಲಿಲ್ಲ. ನಿವೃತ್ತಿಯಾದ ಮೇಲೆ ಜಪಾನು ತೋರಿಸುತ್ತೇನೆಂದು ಮದುವೆಯ ಹೊಸದರಲ್ಲಿ ಕೊಟ್ಟ ಮಾತನ್ನು ಸಾಹೇಬರು ಈಗ ಉಳಿಸಿಕೊಳ್ಳುತ್ತಿದ್ದರು, ಅಷ್ಟನ್ನು ಮೆಚ್ಚಬೇಕು. ಆದರೆ ಅವಳು ಆವತ್ತು ಜಪಾನು ಬೇಕೆಂದದ್ದೇ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಉದ್ದ ಮೂತಿಯ ರೈಲನ್ನು ನೋಡಿ. ಆ ದೇಶಕ್ಕೆ ಹೋಗಿ ರೈಲು ಹತ್ತದೆ ಬರುವುದೆಂದರೆ ಹೇಗೆ?

ಕೂತಲ್ಲೇ ಪ್ರಯಾಣ ಮಾಡುವುದನ್ನು ಅವಳು ಎಂದೋ ಕಲಿತಿದ್ದಳು. ಶಾಲೆಯ ಸಮವಸ್ತ್ರದ ರಾಶಿಯನ್ನು ಪಕ್ಕಕ್ಕಿಟ್ಟುಕೊಂಡು ಪೆಡಲು ತುಳಿಯತೊಡಗಿದರೆ, ಸ್ವಲ್ಪ ಹೊತ್ತಿಗೆಲ್ಲ ಮನೆಯೇ ಮೆಲ್ಲಗೆ ಹೊರಟುಬಿಡುತ್ತಿತ್ತು. ಈಗಲೂ ಹಾಗೇ ಆಯಿತು. ನಕ್ಷೆಯ ಹಸಿರು ಗೆರೆಯ ಮೇಲೆ ಬೆರಳಿಟ್ಟದ್ದೇ ತಡ, ಆಫೀಸಿನ ಫ್ಯಾನು, ಫೋನಿನ ರಿಂಗು, ಸಾಹೇಬರ ಕೆಮ್ಮು ಎಲ್ಲವೂ ಹಿಂದುಳಿದವು. ಕಿಟಕಿಯ ಪಕ್ಕ ಅವಳೊಬ್ಬಳೇ. ಹೊರಗೆ ಹೆಸರು ಗೊತ್ತಿಲ್ಲದ ಊರುಗಳು, ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗಳು, ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ತನ್ನನ್ನೇ ನೋಡುತ್ತ ನಿಂತ ಒಬ್ಬ ಹೆಂಗಸು. ಬೆರಳು ಬೆಟ್ಟಗಳ ನಡುವೆ ಹೊಕ್ಕು ಹೊರಬಂದು, ಕನಜಾವಾದ ಆಚೆ ಸಮುದ್ರದ ಅಂಚಿನಲ್ಲಿ ನಿಂತಿತು. ಅಷ್ಟೊಂದು ನೀಲಿಯನ್ನು ಅವಳು ಬಟ್ಟೆಯ ಥಾನಿನಲ್ಲಷ್ಟೇ ಕಂಡಿದ್ದಳು.

“ಎಲ್ಲಿಗೆ ಹೋಗಿಬಿಟ್ರಿ ಅಮ್ಮಾ?” ಹುಡುಗಿ ನಗುತ್ತ ಕೇಳಿದಳು. “ಇವತ್ತು ಹೇಳದಿದ್ರೆ ಆ ರೂಮು ಕೈತಪ್ಪಿ ಹೋಗುತ್ತೆ. ಕ್ಯೋಟೋನೇ ಇರಲಾ? ಪಾಸು ಬೇಡ ಅಲ್ವಾ?”

ಟೈಲರಮ್ಮ ನಕ್ಷೆಯಿಂದ ಬೆರಳೆತ್ತಲಿಲ್ಲ. ಈಗ ಹೂಂ ಎಂದುಬಿಟ್ಟರೆ ಮುಗಿಯಿತು. ಅಲ್ಲೂ ಇದೇ ಸಂಸಾರ: ಅವರು ಮಲಗಿರುವುದು, ತಾನು ಸದ್ದಾಗದ ಹಾಗೆ ಓಡಾಡುವುದು. ಕಡಲು ದಾಟಿ ಹೋಗಿ ಇನ್ನೊಂದು ಮನೆ ಕಾಯುವುದು.

“ಕ್ಯೋಟೋನೇ ಇರಲಿ,” ಎಂದಳು. ಸಾಹೇಬರ ಮುಖ ಅರಳಿತು. “ಪಾಸು ಒಂದು ಕೊಡಮ್ಮ. ಇಡೀ ದೇಶ ಸುತ್ತೋದು.”

“ಲೇ, ನನಗೆ ಬೇಡ ಅಂತ ಆವಾಗಿಂದ ಬಡ್ಕೊಳ್ತಿದೀನಲ್ಲೇ!”

“ನಿಮಗಲ್ಲ ರೀ. ನನಗೆ.”

ಹುಡುಗಿ ಕೀಬೋರ್ಡಿನ ಮೇಲಿಂದ ಕೈ ತೆಗೆದು ಇಬ್ಬರ ಮುಖವನ್ನೂ ನೋಡಿದಳು.

“ಒಬ್ಬಳೇನಾ?” ಎಂದರು ಸಾಹೇಬರು. “ಭಾಷೆ ಬರಲ್ಲ, ದಾರಿ ಗೊತ್ತಿಲ್ಲ, ಎಲ್ಲಾದ್ರೂ ಕಳೆದುಹೋದ್ರೆ ಏನು ಗತಿ?”

“ದಾರಿ ರೈಲಿಗೆ ಗೊತ್ತಿದ್ರೆ ಸಾಕು, ನನಗ್ಯಾಕೆ? ಇಷ್ಟು ವರ್ಷ ನೀವು ಊರು ಸುತ್ತಿದ್ರಿ, ನಾನು ನಿಮ್ಮ ಬಿಡಾರ ಆಗಿದ್ದೆ. ಇನ್ನು ಸ್ವಲ್ಪ ದಿನ ನೀವು ಬಿದ್ದುಕೊಂಡಿರಿ, ನಾನು ಹೋಗಿ ಬರ್ತೀನಿ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಅಂಗಡಿಗೆ ಹೋಗಿ ನೂಲಿನ ಉಂಡೆ ತರುತ್ತೇನೆ ಎಂದ ಹಾಗಿತ್ತು.

ಸಾಹೇಬರು ನಕ್ಷೆಯ ಮೇಲೆ ಬಾಗಿ, ಕ್ಯೋಟೋ ಎಂದು ಬರೆದಿದ್ದ ಸಣ್ಣ ಚುಕ್ಕೆಯನ್ನು ನೋಡಿದರು.

“ಸಂಜೆ ಎಷ್ಟೊತ್ತಿಗೆ ಬರ್ತೀಯಾ?” ಎಂದು ಮೆಲ್ಲಗೆ ಕೇಳಿದರು.

ಟೈಲರಮ್ಮನ ಬೆರಳು ಆಗಲೇ ಹಿರೋಶಿಮಾದ ಕಡೆಗೆ ಹೊರಟಾಗಿತ್ತು.

“ಹೇಳೋಕಾಗಲ್ಲ ರೀ. ನೀವು ಊಟ ಮಾಡಿ ಮಲಗಿಬಿಡಿ.”