ಸಾಹೇಬರ ಎದುರಿನ ಕುರ್ಚಿ

ಬ್ಯಾಂಕಿನ ಮ್ಯಾನೇಜರಾಗಿದ್ದು, ಆಮೇಲೆ ಪುರಸಭೆಯ ಅಧ್ಯಕ್ಷರೂ ಆಗಿದ್ದ ಸಾಹೇಬರು ತೀರಿಕೊಂಡಿದ್ದರು. ಅವರ ಶ್ರದ್ಧಾಂಜಲಿ ಸಭೆಗೆ ಸೊಪ್ಪು ಮಾರುವ ನೀಲವ್ವ ಎಲ್ಲರಿಗಿಂತ ಮೊದಲೇ ಬಂದು, ಮುಂದಿನ ಸಾಲಿನಲ್ಲಿ ಅವರ ಫೋಟೋದ ಎದುರಿಗೇ ಕೂತಿದ್ದಳು.

“ಯವ್ವಾ, ಏಳು. ಅದು ಎಮ್ಮೆಲ್ಲೆ ಸಾಹೇಬರ ಕುರ್ಚಿ,” ಎಂದ ಎದೆಗೆ ಬ್ಯಾಡ್ಜು ಹಚ್ಚಿಕೊಂಡ ಕಾರ್ಯದರ್ಶಿ.

“ಬಂದಾರೇನು?”

“ಬರ್ತಾರ.”

“ಓಟು ಕೇಳಿ ಹ್ವಾದೋರು ಇನ್ನೂ ಹೊಳ್ಳಿ ಬಂದಿಲ್ಲ. ಬರ್ಲಿ, ಆಮ್ಯಾಲ ನೋಡೂಣು.”

ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಕಾರ್ಯದರ್ಶಿ ಮುಖ ಗಂಟಿಕ್ಕಿಕೊಂಡು ಅಲ್ಲೇ ನಿಂತ.

ಮೊದಲ ಸಲ ಬ್ಯಾಂಕಿಗೆ ಹೋದಾಗ ನೀಲವ್ವ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಸಾಹೇಬರು ತಾವೇ ಎದ್ದು ಬಂದು ಕುರ್ಚಿ ಎಳೆದು ಕೊಟ್ಟಿದ್ದರು. ಪುರಸಭೆಗೆ ಹೋದ ಮೇಲೂ ಅವರು ಯಾರನ್ನೂ ನಿಲ್ಲಿಸಿ ಮಾತಾಡಿಸಿದವರಲ್ಲ.

“ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸೋಣ,” ಎಂದಿತು ಮೈಕು. ಸಭೆಯೆಲ್ಲ ಎದ್ದಿತು. ನೀಲವ್ವ ಏಳಲಿಲ್ಲ.

“ಈಗರ ಏಳಬೇ! ಸತ್ತವರಿಗೆ ಮರ್ಯಾದಿ ಕೊಡೂದು ಗೊತ್ತಿಲ್ಲೇನು?” ಕಾರ್ಯದರ್ಶಿ ಪಿಸುದನಿಯಲ್ಲೇ ಗದರಿಸಿದ.

“ಮರ್ಯಾದೀನ ಕೊಡಾಕತ್ತೀನೋ ತಮ್ಮಾ.” ಆ ಮೌನದಲ್ಲಿ ನೀಲವ್ವನ ದನಿ ಇಡೀ ಸಭೆಗೆ ಕೇಳಿಸಿತು. “‘ನನ್ನ ಮುಂದ ನಿಂದರಬ್ಯಾಡ, ಕುಂದ್ರು’ ಅಂದೋರು ಅವರು. ಎದುರಿಗೇ ಅದಾರ. ಹೆಂಗ ಏಳ್ಲಿ?”

ವೇದಿಕೆಯ ಮೇಲೆ, ಫೋಟೋದ ಪಕ್ಕ ತಲೆತಗ್ಗಿಸಿ ನಿಂತಿದ್ದ ಸಾಹೇಬರ ಹೆಂಡತಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಕೂತರು.