ಸುರಂಗದ ವರದಿ

ಗುಡ್ಡದಾಚೆಯ ಕೆರೆಯ ನೀರನ್ನು ಈಚೆಯ ಹಳ್ಳಿಗೆ ತರಲು ಅರವತ್ತು ಮೀಟರಿನ ಸುರಂಗ ಕೊರೆದಾಗ ದುರಗಪ್ಪ ಮೇಸ್ತ್ರಿಯಾಗಿದ್ದ. ಕೆಲಸ ಮುಗಿದ ಮೇಲೆ ಇಂಜಿನಿಯರ್ ಮೇಡಂ, ಎಲ್ಲೂ ಒಂದು ಕಲ್ಲೂ ಕುಸಿಯಲಿಲ್ಲ ಎಂದು ವರದಿ ಬರೆದರು. ಆ ವರದಿಯನ್ನು ನಂಬಿ ಸರ್ಕಾರ ಈಗ ಅದೇ ಗುಡ್ಡದ ಸಾಲಿನಲ್ಲಿ ಆರು ಕಿಲೋಮೀಟರಿನ ಸುರಂಗಕ್ಕೆ ಹಣ ಮಂಜೂರು ಮಾಡಿತ್ತು.

ದುರಗಪ್ಪನ ಕೇರಿಯವರೆಲ್ಲ ಕೆಲಸಕ್ಕೆ ಹೆಸರು ಬರೆಸಿ ಬಂದರು. ಅದಾಗಿ ಮೂರನೆಯ ದಿನ ಅವನು ಮೇಡಂ ಕಚೇರಿಗೆ ಹೋದ.

“ಬರ್ರಿ ಮೇಸ್ತ್ರಿ, ನಾನ ನಿಮಗ ಹೇಳಿ ಕಳಸಾಕಿದ್ದೆ. ಈ ಸಲ ಇನ್ನೂರು ಮಂದಿ ಬೇಕು.”

ಅವನು ಕೂರಲಿಲ್ಲ. “ನಾ ಒಂದ್ ತಪ್ಪ ಮಾಡೀನ್ರಿ ಮೇಡಂ. ನೀವು ಊರಿಗೆ ಹೋದಾಗ ಸುರಂಗ ಒಂದ್ ಕಡೆ ಮ್ಯಾಲಿಂದ ಕುಸೀತ್ರಿ. ಯಾರಿಗೂ ಪೆಟ್ಟಾಗ್ಲಿಲ್ಲ. ಕೆಲಸ ನಿಂತು ನಿಮ್ಮ ಹೆಸರು ಕೆಡ್ತೈತಿ ಅಂತ, ನೀವು ಬರೂದ್ರೊಳಗ ಸಿಮೆಂಟ್ ಮೆತ್ತಿ ಮುಚ್ಚಿಸಿದೆ.”

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

“ಆ ಗುಡ್ಡದ ಕಲ್ಲು ಗಟ್ಟಿ ಇಲ್ರಿ. ಅಷ್ಟು ಮಂದೀನ ಒಳಗ ಕಳಸೂದು ಬ್ಯಾಡ. ನನ್ನ ಮ್ಯಾಲ ಬೇಕಾದ್ರ ಕೇಸ್ ಹಾಕ್ರಿ, ಆದ್ರ ವರದಿ ತಿದ್ದಿ ಬರೀರಿ. ನಿಮಗ ಗೊತ್ತಿರಲಿಲ್ಲ, ನಿಮ್ಮದೇನೂ ತಪ್ಪಿಲ್ಲ.”

ಮೇಡಂ ಎದ್ದು ಬಾಗಿಲು ಮುಂದೆ ಮಾಡಿದರು. ಅವನ ಮುಖ ನೋಡಲಾರದೆ ಅಲ್ಲಿಂದಲೇ ಹೇಳಿದರು:

“ನೀವು ಮೆತ್ತಿದ ಸಿಮೆಂಟ್ ಇನ್ನೂ ಹಸಿ ಇದ್ದಾಗನ ನಾ ನೋಡಿದ್ದೆ, ಮೇಸ್ತ್ರಿ.”